ತೊಟ್ಟಿಲಿಗೆ ಸಾಲ ಯಾಕೆ?



ಮಗಳ ಚೊಚ್ಚಲ ಹೆರಿಗೆ ತವರಿನಲ್ಲಿ. ತೊಟ್ಟಿಲು ಕೊಡುವವರೂ ನಾವೇ. ಕಲಘಟಗಿಯ ಬಣ್ಣದ ತೊಟ್ಟಿಲೇ ತರುತ್ತೇವೆಂದು ಬೀಗರ ಮುಂದೆ ಮಾತು ಕೊಟ್ಟುಬಿಡುತ್ತೀರಿ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಚಿತ್ರಗಾರರ ಕೈಕೆಲಸ. ಬೆಲೆ ಹೆಚ್ಚೆಂದು ನಾನು ಅನ್ನಲಾರೆ. ಅವರೂ ನಮ್ಮ ಹಾಗೇ ದುಡಿಯುವ ಜನ. ನನ್ನ ತಕರಾರು ಸಾಲದ್ದು.

ಲೆಕ್ಕ ಹಾಕಿ ನೋಡ್ರಿ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 10,000 ತಂದರೆ ವರ್ಷಕ್ಕೆ 3,600 ಬರೀ ಬಡ್ಡಿ. ಆರೇಳು ತಿಂಗಳಿಗೆ ಕೂಸು ಎದ್ದು ಕೂಡ್ರುತ್ತದೆ. ಆಮೇಲೆ ತೊಟ್ಟಿಲಲ್ಲಿ ಬಿಡುವುದೇ ಅಪಾಯ. ತೊಟ್ಟಿಲು ಅಟ್ಟ ಸೇರಿದ ಮೇಲೂ ಬಡ್ಡಿ ನಿಲ್ಲುವುದಿಲ್ಲ.

ಅಣ್ಣತಮ್ಮಂದಿರ ಮನೆಯ ಹಳೇ ತೊಟ್ಟಿಲು ತನ್ನಿರಿ. ಹಗ್ಗ, ಕೊಂಡಿ, ಜಂತಿ ಜಗ್ಗಿ ನೋಡಿ ಕಟ್ಟಿರಿ. ಹೊಸದೇ ಬೇಕಿದ್ದರೆ ಕುಬಸದ ಊಟದಲ್ಲಿ ನೂರು ಎಲೆ ಕಡಿಮೆ ಮಾಡಿ, ಆ ದುಡ್ಡನ್ನೇ ಚಿತ್ರಗಾರರಿಗೆ ಮುಂಗಡ ಕೊಡಿರಿ. ಬೀಗರಿಗೆ ನೀವೇ ಹೇಳ್ರಿ, ಮಗಳ ಕೈಲಿ ಹೇಳಿಸಬೇಡಿ.