ವರ್ಷ ಕಳೆದ ಮೇಲೆ ಉಳಿದದ್ದೇನು?

(ಲಗ್ಗೆರೆಯ ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)

 

ನಾಯಕತ್ವ ಶಿಬಿರ ಮುಗಿದ ಸಂಜೆ ಮಕ್ಕಳಿಗೆ ಒಂದು ಫಾರಂ ಕೊಡುತ್ತೇವೆ. ಎಲ್ಲರೂ ‘ತುಂಬಾ ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಬಿರಿಯಾನಿ ಉಂಡ ಸಂಜೆ ಇನ್ನೇನು ಬರೆದಾರು! ಆ ಫಾರಂಗಳನ್ನು ಎಣಿಸಿ ವರದಿಯಲ್ಲಿ ಹಾಕಿಕೊಂಡದ್ದು ನಮ್ಮ ತಪ್ಪು. ಆಮೇಲೆ ಓದು ಬಿಟ್ಟು ಪೀಣ್ಯದಲ್ಲಿ ಕೂಲಿಗೆ ಸೇರಿದ ಹುಡುಗನ ಫಾರಂ ಕೂಡ ಆ ಲೆಕ್ಕದಲ್ಲಿತ್ತು. ಅದು ನಮಗೆ ತಿಳಿದದ್ದು ಎಂಟು ತಿಂಗಳ ಮೇಲೆ.

ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಿದರು. 2021ರಲ್ಲಿ ಅವರು ತೀರಿಕೊಂಡರು; ತರಗತಿಗಳು ಇಂದಿಗೂ ನಡೆಯುತ್ತಿವೆ. ಸದಖಾ ಜಾರಿಯಾ ಎಂದರೆ ಇದೇ. ಉಳಿಯುವ ಬದಲಾವಣೆಯೂ ಇದೇ.

ಈ ಸಾಲಿನಿಂದ ಆರು ತಿಂಗಳಿಗೊಮ್ಮೆ ಮನೆಗೆ ಬಂದು ಮೂರು ಪ್ರಶ್ನೆ ಕೇಳುತ್ತೇವೆ. ಓದು ಮುಂದುವರಿದಿದೆಯೇ? ಬ್ಯಾಂಕು, ಆಸ್ಪತ್ರೆಯ ಕೆಲಸವನ್ನು ಮನೆಯವರಿಗಾಗಿ ಧೈರ್ಯದಿಂದ ಮಾಡಿಕೊಡುತ್ತೀಯಾ? ಕಿರಿಯರೊಬ್ಬರಿಗೆ ಪಾಠ ಹೇಳಿಕೊಡುತ್ತಿದ್ದೀಯಾ? ಉತ್ತರವನ್ನು ತಾಯಿಯ ಬಾಯಿಂದಲೂ ಕೇಳುತ್ತೇವೆ. ‘ಇಲ್ಲ’ ಎಂದರೆ ವಿದ್ಯಾರ್ಥಿವೇತನ ನಿಲ್ಲುವುದಿಲ್ಲ. ಯಾಕೆ ಎಂದು ಕೂತು ಮಾತಾಡುತ್ತೇವೆ.

ದಾನಿಗಳೇ, ಮುಂದಿನ ವರದಿಯಲ್ಲಿ ಅಂಕಿ ಚಿಕ್ಕದಾಗಬಹುದು. ಆದರೆ ಅದು ನಿಜವಾಗಿರುತ್ತದೆ.