ಮನೆಯ ಮೂಕ ಸದಸ್ಯರ ಯೋಗಕ್ಷೇಮ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂತೋಷದ ಈ ದಿನ ವಿಪತ್ತಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ನಾಯಿ, ಬೆಕ್ಕು, ಮೊಲ ಸಾಕಿರುವ ಮನೆಗಳಿಗೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಸ್ವೀಡನ್ನಿನಲ್ಲಿ ಅಂಥ ಭಯವೇನಿದೆ ಎಂದು ಕೇಳುವವರಿದ್ದಾರೆ. 2014ರ ಜುಲೈ 31ರಂದು ನಮ್ಮ ನೆರೆಯ ವೆಸ್ಟ್‌ಮನ್‌ಲ್ಯಾಂಡ್ ಪ್ರಾಂತದಲ್ಲಿ ಹೊತ್ತಿದ ಕಾಳ್ಗಿಚ್ಚು ಸಾವಿರಾರು ಹೆಕ್ಟೇರ್ ಕಾಡನ್ನು ನುಂಗಿತು. ಸುಮಾರು ಸಾವಿರ ಜನ ಮನೆ ಬಿಡಬೇಕಾಯಿತು, ದನಕುರಿಗಳನ್ನೂ ಸಾಗಿಸಬೇಕಾಯಿತು. 2015ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಹಾಲ್ಸ್‌ಬರ್ಗ್ ಪಟ್ಟಣಕ್ಕೆ ಮಳೆನೀರು ನುಗ್ಗಿತು. 2005ರ ಜನವರಿಯ ಗುದ್ರೂನ್ ಬಿರುಗಾಳಿಗೆ ದಕ್ಷಿಣ ಸ್ವೀಡನ್ನಿನ ಲಕ್ಷಾಂತರ ಮನೆಗಳಲ್ಲಿ ವಿದ್ಯುತ್ ಹೋಗಿ, ಕೆಲವೆಡೆ ವಾರಗಟ್ಟಲೆ ಬರಲಿಲ್ಲ.

ನಮ್ಮ ಊರುಗಳಲ್ಲಿ ಹೊಳೆ ಉಕ್ಕಿದರೆ ಮೊದಲು ಕೊಟ್ಟಿಗೆಗೆ ಓಡಿ ದನಗಳ ಕಣ್ಣಿ ಬಿಚ್ಚುತ್ತಿದ್ದರು. ಈಜಿಯೋ ಗುಡ್ಡ ಹತ್ತಿಯೋ ಅವು ಬದುಕಿಕೊಳ್ಳಲಿ ಎಂದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಹೊರಟರು. ಎಷ್ಟೋ ನಾಯಿ, ದನಗಳು ಹಿಂದೆ ಉಳಿದವು. ಇಲ್ಲಿ ನಮ್ಮ ಪ್ರಾಣಿಗಳು ಮೂರನೆಯ ಮಹಡಿಯ ಬೀಗ ಹಾಕಿದ ಮನೆಯೊಳಗಿವೆ. ಬಿಚ್ಚಲು ಕಣ್ಣಿಯಿಲ್ಲ, ತಾವಾಗಿ ಓಡಲು ದಾರಿಯೂ ಇಲ್ಲ. ನಾವು ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ ಇರುವ ಹೊತ್ತಿಗೇ ಅಪಾಯ ಬಂದರೆ?

ಆದ್ದರಿಂದ ಮೊದಲ ಸಿದ್ಧತೆ ಪಕ್ಕದ ಮನೆಯವರ ಸ್ನೇಹ. ನಂಬಿಕಸ್ಥ ನೆರೆಯವರಲ್ಲಿ ಒಂದು ಬೀಗದ ಕೈ ಇರಲಿ. ಬೆಕ್ಕು ಹೆದರಿದರೆ ಎಲ್ಲಿ ಅಡಗುತ್ತದೆ, ಬುಟ್ಟಿ ಎಲ್ಲಿದೆ ಎಂಬುದು ಅವರಿಗೆ ತಿಳಿದಿರಲಿ. ನಾವು ಊರಿಗೆ ಹೋಗುವ ಬೇಸಿಗೆ ರಜೆಯಲ್ಲಿ ಇದು ಇನ್ನೂ ಮುಖ್ಯ, ಕಾಳ್ಗಿಚ್ಚಿನ ಕಾಲವೂ ಅದೇ.

ಎರಡನೆಯದು ಗುರುತು. 2023ರ ಜನವರಿ 1ರಿಂದ ನಾಯಿಗಳಂತೆ ಬೆಕ್ಕುಗಳಿಗೂ ಗುರುತು ಹಾಕಿಸಿ ಸರ್ಕಾರದ ಕೃಷಿ ಮಂಡಲಿಯಲ್ಲಿ ನೋಂದಾಯಿಸುವುದು ಕಡ್ಡಾಯ. ಮನೆ ಅಥವಾ ಫೋನ್ ನಂಬರ್ ಬದಲಾದಾಗ ಅಲ್ಲಿಯೂ ತಿದ್ದಿಸಬೇಕು. ಹಳೆಯ ನಂಬರಿದ್ದರೆ ಚರ್ಮದಡಿಯ ಚಿಪ್ಪಿನಿಂದ ಏನು ಪ್ರಯೋಜನ?

ಮೂರನೆಯದು ಒಂದು ಚೀಲ. 2024ರಲ್ಲಿ ಸರ್ಕಾರ ಮನೆಮನೆಗೆ ಕಳಿಸಿದ ಕಿರುಪುಸ್ತಕ, ಒಂದು ವಾರ ಸ್ವಂತ ಬಲದಲ್ಲಿ ಇರಲು ಸಿದ್ಧರಾಗಿ ಎನ್ನುತ್ತದೆ. ಆ ಲೆಕ್ಕದಲ್ಲಿ ಪ್ರಾಣಿಗಳ ಆಹಾರ, ನೀರು, ಔಷಧಿಯೂ ಸೇರಲಿ. ಲಸಿಕೆ ಕಾಗದದ ಪ್ರತಿ, ಕೊರಳಪಟ್ಟಿ, ಹಗ್ಗ, ಬೆಕ್ಕಿನ ಮರಳು, ಹಳೆಯ ಕಂಬಳಿ, ನಿಮ್ಮೊಡನೆ ಪ್ರಾಣಿ ಇರುವ ಒಂದು ಫೋಟೋ ಇಡಿ. ಬುಟ್ಟಿಯನ್ನು ಅಟ್ಟಕ್ಕೆ ಎಸೆಯದೆ ಬಾಗಿಲು ತೆರೆದು ಕೋಣೆಯಲ್ಲೇ ಬಿಡಿ; ಬೆಕ್ಕು ಅದರಲ್ಲಿ ಮಲಗುವುದನ್ನು ಕಲಿತರೆ ಆಪತ್ತಿನಲ್ಲಿ ಪರಚಾಟವಿಲ್ಲ.

ನಾಲ್ಕನೆಯದು ಹೋಗುವ ಜಾಗ. ತಾತ್ಕಾಲಿಕ ವಸತಿಗಳಲ್ಲೆಲ್ಲ ಪ್ರಾಣಿಗಳನ್ನು ಸೇರಿಸುತ್ತಾರೆಂದು ನಂಬಿ ಕೂರಬಾರದು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತ ಬಂದಾಗ ನಾಯಿ ಬೆಕ್ಕು ಬಿಟ್ಟು ಬರಲೊಲ್ಲದೆ ಎಷ್ಟೋ ಜನ ಅಪಾಯದಲ್ಲೇ ಉಳಿದರು. ಮರುವರ್ಷವೇ ಅಲ್ಲಿ ಸಾಕುಪ್ರಾಣಿಗಳನ್ನೂ ರಕ್ಷಣಾ ಯೋಜನೆಯಲ್ಲಿ ಸೇರಿಸುವ ಕಾನೂನು ಬಂತು. ನಮಗೆ ಸಂಘವೇ ಇದೆಯಲ್ಲ! ಯಾರ ಮನೆಯಲ್ಲಿ ಯಾವ ಪ್ರಾಣಿಗೆ ನಾಲ್ಕು ದಿನ ಜಾಗ ಸಿಕ್ಕೀತು ಎಂದು ಇಂದೇ ಒಂದು ಪಟ್ಟಿ ಮಾಡೋಣ. ಅಲರ್ಜಿ ಇರುವವರು ಸಂಕೋಚಪಡದೆ ಹೇಳಲಿ.

ಮಕ್ಕಳೇ, ನಿಮಗೊಂದು ಕೆಲಸ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಎಚ್ಚರಿಕೆಯ ಸೈರನ್ ಪರೀಕ್ಷೆ ನಡೆಯುತ್ತದೆ. ಆ ದಿನ ಸಂಜೆ ಚೀಲ ತೆರೆದು, ಹಳೆಯ ಆಹಾರ ತೆಗೆದು ಹೊಸದು ಇಡಿ. ಸೈರನ್ ನಿಜಕ್ಕೂ ಕೂಗಿದರೆ ನಾಯಿ ಬೆಕ್ಕುಗಳೊಡನೆ ಮನೆಯೊಳಗೆ ಬಂದು, ಕಿಟಕಿ ಮುಚ್ಚಿ, ಪಿ4 ರೇಡಿಯೋ ಕೇಳಿ. ಹೊರಡಿ ಎಂದು ಅಧಿಕಾರಿಗಳು ಹೇಳಿದರೆ ಅವುಗಳನ್ನೂ ಕರೆದುಕೊಂಡೇ ಹೊರಡೋಣ. ಆದರೆ ಉರಿಯುವ ಮನೆಗೆ ಯಾರೂ ಹಿಂದಿರುಗಬಾರದು. ಅಂಥ ಸಂಕಟ ಬಾರದಿರಲೆಂದೇ ಈ ಮುಂಜಾಗ್ರತೆ.

ನಮ್ಮನ್ನೇ ನಂಬಿದ ಮೂಕಜೀವಕ್ಕೆ ಮಾತು ಬಾರದು. ಅದರ ಪರವಾಗಿ ನಾವೇ ಮುಂಚಿತವಾಗಿ ಯೋಚಿಸಬೇಕು.