ಹಿಮ್ಮೈಯ ಹೊಲಿಗೆ

ಕಸೂತಿಯ ಅವ್ವಂದಿರೇ, ಅಕ್ಕತಂಗಿಯರೇ, ಧಾರವಾಡದ ಬಂಧುಗಳೇ,

ದೀಪ ಹಚ್ಚುವ ಮೊದಲು ಈ ಪ್ರದರ್ಶನದಲ್ಲಿಟ್ಟ ಇಳಕಲ್ ಸೀರೆಯೊಂದರ ಸೆರಗನ್ನು ತಿರುವಿ ನೋಡಿದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ. ಮುಮ್ಮೈ ಹೇಗೋ ಹಿಮ್ಮೈಯೂ ಹಾಗೇ. ತುಂಡಾದ ಬೆರಳು ಜೋಡಿಸುವ ನನ್ನ ಕೆಲಸದ ಅಳಿವು ಉಳಿವು ಹಿಮ್ಮೈಯಲ್ಲೇ ಇದೆ. ಬೆರಳು ಕೂಡಬೇಕಾದರೆ ಅದರ ರಕ್ತನಾಳ ಹೊಲಿಯಬೇಕು; ಆ ವಿದ್ಯೆಗೂ ಕಸೂತಿಗೂ ಹಳೆಯ ನಂಟಿದೆ.

1894ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಆ ದೇಶದ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಒಬ್ಬ ಚೂರಿ ಹಾಕಿದ. ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳ ಸೀಳಿತ್ತು. ಅದನ್ನು ಹೊಲಿಯುವ ವಿದ್ಯೆ ಆಗ ಯಾರಿಗೂ ಕೈವಶವಾಗಿರಲಿಲ್ಲ, ಅವರು ಉಳಿಯಲಿಲ್ಲ. ಆಗ ಅದೇ ಊರಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್ ಅವರನ್ನು ಆ ಸಾವು ಬಿಡಲಿಲ್ಲ. ಸೂಜಿ ಹಿಡಿಯುವುದನ್ನು ಕಲಿಯಲು ಅವರು ಹೋದದ್ದು ಲೆರೂದಿಯೆ ಎಂಬ ಕಸೂತಿಗಾರ್ತಿಯ ಬಳಿಗೆ. 1902ರಲ್ಲಿ ತಮ್ಮ ವಿಧಾನ ಪ್ರಕಟಿಸಿದರು: ನಾಳದ ತುದಿಗಳಿಗೆ ಸಮ ಅಂತರದಲ್ಲಿ ಮೂರು ಹೊಲಿಗೆ ಹಾಕಿ ಎಳೆದು ಹಿಡಿದರೆ ದುಂಡು ಬಾಯಿ ತ್ರಿಕೋನವಾಗುತ್ತದೆ, ನೇರ ಅಂಚನ್ನು ಹೊಲಿದಂತೆ ಹೊಲಿಯಬಹುದು. 1912ರಲ್ಲಿ ಅವರಿಗೆ ನೊಬೆಲ್ ಬಂತು. ಲೆರೂದಿಯೆ ಅವರ ಹೆಸರನ್ನೂ ನಾವು ಅಷ್ಟೇ ಗೌರವದಿಂದ ಹೇಳಬೇಕು.

1960ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಲಿಯಸ್ ಜೇಕಬ್ಸನ್ ನಾಳ ಹೊಲಿಯುವ ಈ ಕೆಲಸವನ್ನು ಸೂಕ್ಷ್ಮದರ್ಶಕದ ಕೆಳಗೆ ತಂದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು, ತಮಾಯ್ ಎಂಬ ಶಸ್ತ್ರವೈದ್ಯರಿಬ್ಬರು ಪೂರ್ತಿ ತುಂಡಾದ ಹೆಬ್ಬೆರಳನ್ನು ಮತ್ತೆ ಕೂಡಿಸಿದರು.

ಬೆರಳಿನ ನಾಳ ಸುಮಾರು 1 ಮಿಲಿಮೀಟರ್ ದಪ್ಪ. ನಮ್ಮ ದಾರ ತಲೆಗೂದಲಿಗಿಂತ ಎಷ್ಟೋ ತೆಳು. ಬರಿಗಣ್ಣಿಗೆ ಕಂಡೂ ಕಾಣದಂತಿರುತ್ತದೆ. ಮುಂದಿನ ಗೋಡೆ ಚುಚ್ಚುವಾಗ ಸೂಜಿ ಹಿಂದಿನ ಗೋಡೆಯನ್ನು ಹಿಡಿದರೆ ದಾರಿಯೇ ಮುಚ್ಚಿತು. ಗಂಟೆಲ್ಲ ಹೊರಗೆ. ಒಳಮೈಯಲ್ಲಿ ಒಂದು ಎಳೆ ಇಣುಕಿದರೂ ರಕ್ತ ಅಲ್ಲೇ ಹೆಪ್ಪುಗಟ್ಟಬಹುದು. ಕೊನೆಗೆ ನಾಳವನ್ನು ಅದುಮಿ ಹಿಡಿದ ಕ್ಲಿಪ್ ಬಿಚ್ಚಿದಾಗ, ಬಿಳಿಚಿದ ಬೆರಳಿನ ತುದಿಗೆ ನಿಧಾನವಾಗಿ ಕೆಂಪು ಏರುತ್ತದೆ. ಎಷ್ಟು ಸಲ ಕಂಡರೂ ನನಗೆ ಗಂಟಲು ಕಟ್ಟುತ್ತದೆ.

ಮೇವು ಕತ್ತರಿಸುವ ಯಂತ್ರವಿರುವ ಮನೆಯವರು ಇದೊಂದು ನೆನಪಿಡಿ. ತುಂಡಾದ ಬೆರಳನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ತನ್ನಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.

ಅವ್ವಂದಿರೇ, ಎಳೆ ಎಣಿಸುವ ನಿಮ್ಮ ತಾಳ್ಮೆ ನಮ್ಮ ಕಿರಿಯ ವೈದ್ಯರಿಗೂ ಬೇಕು. ಅವರನ್ನು ಕಳಿಸುತ್ತೇನೆ, ನಿಮ್ಮ ಚಾಪೆಯ ಮೇಲೆ ಜಾಗ ಕೊಡಿ, ತಪ್ಪಿದರೆ ಬಿಚ್ಚಿಸಿ ಮತ್ತೆ ಹಾಕಿಸಿ. ಈ ಕಸೂತಿ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.